ಹಿಮಸಾಗರದ ನಾನ್ಸೆನ್

ರಾಜ್ಯೋತ್ಸವದ ಸಂಚಿಕೆಯೆಂದ ಮೇಲೆ ಅದರಲ್ಲಿ ಒಬ್ಬ ಮಹಾಪುರುಷನ ಚರಿತ್ರೆ ಇರಲೇಬೇಕೆಂಬುದು ವಾಡಿಕೆ. ನಾಡಿನ ಕವಿಗಳು, ದಿವಾನರು, ಶರಣರು, ದಾಸರು ಇವರನ್ನು ಕುರಿತ ಲೇಖನಗಳು ಇಂಥ ಪುಟಗಳಲ್ಲಿ ಎಷ್ಟೋ ಬಂದಿವೆ; ಮುಂದೆಯೂ ಬರುತ್ತವೆ. ಈ ಬಾರಿ ಮಾತ್ರ ನಾವು ವಾಚಕರನ್ನು ಬಹು ದೂರದ, ಬಹು ಚಳಿಯ ಸೀಮೆಯೊಂದಕ್ಕೆ ಕರೆದುಕೊಂಡು ಹೋಗುವ ಮನಸ್ಸು ಮಾಡಿದ್ದೇವೆ. ನಾವು ಹೇಳಹೊರಟಿರುವುದು ನಾರ್ವೆ ದೇಶದ ಫ್ರಿಟ್ಯೋಫ್ ನಾನ್ಸೆನ್ನನ ಕಥೆ. ಉತ್ತರ ಧ್ರುವದ ಸುತ್ತಲಿನ ಹೆಪ್ಪುಗಟ್ಟಿದ ಕಡಲಿನ ಆಳವೆಷ್ಟು, ಅದರ ನೀರಿನ ನಡೆ ಎಂಥದು, ಅಂಥ ಚಳಿಯಲ್ಲಿ ಜೀವ ಹೇಗೆ ಬದುಕುತ್ತದೆ ಎಂಬುದನ್ನು ಅಲ್ಲಿಯೇ ವರ್ಷಗಟ್ಟಲೆ ಇದ್ದು ಅಳೆದು ಜಗತ್ತಿಗೆ ತಿಳಿಸಿದವರಲ್ಲಿ ಅವನು ಮೊದಲಿಗನು. ಅದೇ ಮನುಷ್ಯನು ತನ್ನ ಇಳಿವಯಸ್ಸಿನಲ್ಲಿ, ದೇಶವೇ ಇಲ್ಲದಾದ ಲಕ್ಷಾಂತರ ಜನರಿಗೆ ತಾವು ಇಂಥವರೆಂದು ಹೇಳಿಕೊಳ್ಳಲು ಒಂದು ಕಾಗದವನ್ನು ದೊರಕಿಸಿಕೊಟ್ಟನು. ಊರು ಬಿಟ್ಟು ಬಂದು ಇನ್ನೊಂದು ಊರಿನಲ್ಲಿ ಸಂಸಾರ ಹೂಡಿರುವ ನಮ್ಮಂಥವರ ಮನೆಗಳಲ್ಲಿ ಅವನ ಹೆಸರು ಒಂದು ಸಲವಾದರೂ ಕೇಳಿಬರಬೇಕು ಎಂಬುದು ನಮ್ಮ ಆಸೆ.

ನಾನ್ಸೆನ್ನನು ಹುಟ್ಟಿದುದು 1861ನೆಯ ಇಸವಿ ಅಕ್ಟೋಬರ್ 10ರಂದು. ಈಗ ಓಸ್ಲೋ ಎನ್ನಿಸಿಕೊಂಡಿರುವ, ಆಗ ಕ್ರಿಸ್ತಿಯಾನಿಯಾ ಎಂಬ ಹೆಸರಿದ್ದ ಪಟ್ಟಣದ ಹೊರವಲಯದಲ್ಲಿ. ತಂದೆ ವಕೀಲರು, ಬಹಳ ಶಿಸ್ತಿನವರು. ತಾಯಿಗೆ ಬಯಲು, ಕಾಡು, ಹಿಮ ಇವುಗಳ ಮೇಲೆ ಪ್ರೀತಿ. ನಮ್ಮ ಮಕ್ಕಳು ನಡೆಯಲು ಕಲಿಯುವ ಹಾಗೆ ಆ ದೇಶದ ಮಕ್ಕಳು ಕಾಲಿಗೆ ಉದ್ದನೆಯ ಸ್ಕೀ ಹಲಗೆಗಳನ್ನು ಕಟ್ಟಿಕೊಂಡು ಹಿಮದ ಮೇಲೆ ಜಾರುವುದನ್ನು ಕಲಿಯುತ್ತಾರೆ. ಹುಡುಗ ನಾನ್ಸೆನ್ನನು ಅದರಲ್ಲಿ ಎಲ್ಲರನ್ನೂ ಮೀರಿಸಿದನು. ದಿನಗಟ್ಟಲೆ ಒಬ್ಬನೇ ಕಾಡಿನಲ್ಲಿದ್ದು, ಮೀನು ಹಿಡಿದು ತಿಂದು ಮನೆಗೆ ಹಿಂದಿರುಗುವ ಅಭ್ಯಾಸ ಅವನಿಗಿತ್ತು. ವಿಶ್ವವಿದ್ಯಾಲಯ ಸೇರಿದಾಗ ಪ್ರಾಣಿಶಾಸ್ತ್ರವನ್ನು ಆರಿಸಿಕೊಂಡುದಕ್ಕೆ, ಆ ವಿದ್ಯೆಯಲ್ಲಿ ಬಯಲಿನಲ್ಲಿರುವ ಅವಕಾಶ ಹೆಚ್ಚೆಂಬುದೂ ಒಂದು ಕಾರಣ.

1882ರಲ್ಲಿ, ಅವನಿಗಿನ್ನೂ 20 ವರ್ಷ ತುಂಬಿದ್ದಷ್ಟೆ, ಗುರುಗಳ ಸಲಹೆಯಂತೆ ಅವನು ಸೀಲ್ ಬೇಟೆಯ ಹಡಗೊಂದನ್ನು ಹತ್ತಿ ಗ್ರೀನ್‌ಲ್ಯಾಂಡಿನ ಕಡೆಯ ಕಡಲಿಗೆ ಹೋದನು. ಬೇಟೆಗಾರರ ನಡುವೆ ತಾನೂ ಬೇಟೆಗಾರನಾಗಿ, ಬಿಡುವಾದಾಗಲೆಲ್ಲ ನೀರಿನ ಉಷ್ಣತೆಯನ್ನು ಅಳೆಯುತ್ತ, ಪ್ರಾಣಿಗಳನ್ನು ಕೊಯ್ದು ನೋಡುತ್ತ ಐದು ತಿಂಗಳು ಕಳೆದನು. ಹಡಗು ಸುಮಾರು ಮೂರೂವರೆ ವಾರ ಹಿಮಗಡ್ಡೆಗಳ ನಡುವೆ ಸಿಕ್ಕಿಕೊಂಡಿತು. ಉಳಿದವರಿಗೆ ಅದು ನಷ್ಟದ ಕಾಲ. ನಾನ್ಸೆನ್ನನಿಗೆ ಅದೇ ಪಾಠಶಾಲೆ. ತಣ್ಣನೆಯ ಮೇಲ್ನೀರಿನ ಅಡಿಯಲ್ಲಿ ದಕ್ಷಿಣದಿಂದ ಬಂದ ಬೆಚ್ಚನೆಯ ನೀರು ಹರಿಯುತ್ತಿರುವುದನ್ನು ಅವನು ಅಲ್ಲಿ ಕಂಡನು. ಹಿಮದ ಮೇಲೆ ಬಿದ್ದಿದ್ದ ಮರದ ದಿಮ್ಮಿಯೂ ಅವನ ಕಣ್ಣಿಗೆ ಬಿತ್ತು. ಮರವೇ ಬೆಳೆಯದ ಆ ಸೀಮೆಗೆ ಇದು ಎಲ್ಲಿಂದ ಬಂತು? ಈ ಪ್ರಶ್ನೆ ಮುಂದೆ ಅವನ ಬಾಳಿನ ದಿಕ್ಕನ್ನೇ ತಿರುಗಿಸಿತು.

ಆ ಯಾತ್ರೆಯಿಂದ ಹಿಂದಿರುಗಿದೊಡನೆ ಬರ್ಗನ್ ಪಟ್ಟಣದ ವಸ್ತುಸಂಗ್ರಹಾಲಯದಲ್ಲಿ ಅವನಿಗೆ ಕೆಲಸ ದೊರೆಯಿತು. ಅಲ್ಲಿ ಆರು ವರ್ಷ ಸೂಕ್ಷ್ಮದರ್ಶಕದ ಮುಂದೆ ಕುಳಿತು, ಕಡಲಿನ ಕೀಳುವರ್ಗದ ಪ್ರಾಣಿಗಳ ನರಮಂಡಲವನ್ನು ಅಭ್ಯಾಸ ಮಾಡಿದನು. ಇಟಲಿಯ ಗೋಲ್ಜಿ ಎಂಬ ವಿಜ್ಞಾನಿಯು ನರಗಳಿಗೆ ಬೆಳ್ಳಿಯ ಬಣ್ಣ ಹಿಡಿಸಿ ನೋಡುವ ಕ್ರಮವನ್ನು ಕಂಡುಹಿಡಿದಿದ್ದನು. ನಾನ್ಸೆನ್ನನು 1886ರಲ್ಲಿ ಅಲ್ಲಿಗೇ ಹೋಗಿ ಅದನ್ನು ಕಲಿತುಬಂದನು. ನರಮಂಡಲವು ಒಂದಕ್ಕೊಂದು ಬೆಸೆದುಕೊಂಡ ಬಲೆಯಲ್ಲ, ಬೇರೆಬೇರೆ ಜೀವಕೋಶಗಳಿಂದಾದುದು ಎಂದು ಮೊದಲಲ್ಲಿಯೇ ಎತ್ತಿ ಹೇಳಿದವರ ಸಾಲಿನಲ್ಲಿ ಅವನ ಹೆಸರೂ ಇದೆ. 1888ರಲ್ಲಿ ಆ ವಿಷಯದ ಪ್ರಬಂಧಕ್ಕೆ ಡಾಕ್ಟರ್ ಪದವಿ ಬಂದಿತು. ಬೇರೆ ಯಾರಾದರೂ ಆಗಿದ್ದರೆ ಅಷ್ಟಕ್ಕೇ ತೃಪ್ತರಾಗಿ ಪ್ರೊಫೆಸರರ ಕುರ್ಚಿಯನ್ನು ನೋಡಿಕೊಳ್ಳುತ್ತಿದ್ದರು. ನಾನ್ಸೆನ್ನನು ಕೆಲವೇ ದಿನಗಳಲ್ಲಿ ಗ್ರೀನ್‌ಲ್ಯಾಂಡಿಗೆ ಹೊರಟನು.

ಗ್ರೀನ್‌ಲ್ಯಾಂಡೆಂದರೆ ಹೆಸರಿಗೆ ಹಸುರುನಾಡು. ನಿಜದಲ್ಲಿ ಅದರ ಬಹುಪಾಲು ಸಾವಿರಾರು ಅಡಿ ದಪ್ಪದ ಹಿಮದ ಹಾಸು. ಅದನ್ನು ಅಡ್ಡಲಾಗಿ ದಾಟಿದವರು ಅಲ್ಲಿಯವರೆಗೆ ಯಾರೂ ಇರಲಿಲ್ಲ. ಹಿಂದೆ ಪ್ರಯತ್ನಿಸಿದವರು ಜನವಸತಿ ಇರುವ ಪಶ್ಚಿಮ ತೀರದಿಂದ ಹೊರಟು, ಕಷ್ಟ ಬಂದಾಗ ಹಿಂದಕ್ಕೆ ತಿರುಗಿಬಿಡುತ್ತಿದ್ದರು. ನಾನ್ಸೆನ್ನನ ಯೋಚನೆ ಇದಕ್ಕೆ ವಿರುದ್ಧವಾದುದು. ಜನವಸತಿಯಿಲ್ಲದ ಪೂರ್ವ ತೀರದಲ್ಲಿ ಇಳಿಯುವುದು. ಹಿಂದಕ್ಕೆ ಹೋದರೆ ಸಾವು, ಮುಂದಕ್ಕೆ ಹೋದರೆ ಊರು! ತಿಳಿದವರು ಇದನ್ನು ಹುಚ್ಚುಸಾಹಸವೆಂದರು. ಅವನ ಜೊತೆಗೆ ಐದು ಮಂದಿ. ಅವರಲ್ಲಿ ಇಬ್ಬರು ನಾರ್ವೆಯ ಉತ್ತರದ ಸಾಮಿ ಜನಾಂಗದವರು. ಜುಲೈ 17ರಂದು ಹಡಗನ್ನು ಬಿಟ್ಟವರು ತೇಲುಹಿಮದ ನಡುವೆ ಸಿಕ್ಕಿ ದಕ್ಷಿಣಕ್ಕೆ ಕೊಚ್ಚಿಹೋದರು. ಮತ್ತೆ ದೋಣಿಗಳನ್ನು ಉತ್ತರಕ್ಕೆ ಹುಟ್ಟುಹಾಕಿ, ಆಗಸ್ಟ್ ನಡುವಿನಲ್ಲಿ ಹಿಮದ ಏರನ್ನು ಹತ್ತತೊಡಗಿದರು. ಸುಮಾರು 2,700 ಮೀಟರ್ ಎತ್ತರದ ಬಿಳಿಯ ಬಯಲು. ರಾತ್ರಿಯ ಚಳಿ ಸೊನ್ನೆಗಿಂತ 45 ಡಿಗ್ರಿ ಕೆಳಗೆ. ಅಕ್ಟೋಬರ್ 3ರಂದು ನಾನ್ಸೆನ್ನನೂ ಒಬ್ಬ ಸಂಗಾತಿಯೂ ಪಶ್ಚಿಮ ತೀರದ ಗಾಡ್‌ಹಾಬ್ ಊರನ್ನು ಮುಟ್ಟಿದರು; ಉಳಿದ ನಾಲ್ವರು ಕೆಲವು ದಿನಗಳ ಮೇಲೆ ಬಂದು ಸೇರಿದರು. ಇಂದು ಆ ಊರಿನ ಹೆಸರು ನೂಕ್. ವರ್ಷದ ಕೊನೆಯ ಹಡಗು ತಪ್ಪಿಹೋದುದರಿಂದ ಚಳಿಗಾಲವನ್ನು ಅಲ್ಲಿಯೇ ಕಳೆಯಬೇಕಾಯಿತು. ನಾನ್ಸೆನ್ನನು ಆ ತಿಂಗಳುಗಳನ್ನು ವ್ಯರ್ಥ ಮಾಡಲಿಲ್ಲ. ಅಲ್ಲಿಯ ಇನುಯಿಟ್ ಜನರ ಮನೆಗಳಲ್ಲಿ ಕುಳಿತು ಅವರ ಊಟ ಉಂಡು, ಅವರ ಕಯಾಕ್ ಎಂಬ ಕಿರುದೋಣಿಯನ್ನು ನಡೆಸಲು ಕಲಿತನು. ಹಿಮದ ಸೀಮೆಯಲ್ಲಿ ಬದುಕುವ ವಿದ್ಯೆ ಯೂರೋಪಿನ ಪುಸ್ತಕಗಳಲ್ಲಿಲ್ಲ, ಈ ಜನರ ಕೈಗಳಲ್ಲಿದೆ ಎಂಬುದನ್ನು ಅರಿತುಕೊಂಡನು. ಈ ಅರಿವು ಏಳು ವರ್ಷಗಳ ಮೇಲೆ ಅವನ ಪ್ರಾಣವನ್ನು ಉಳಿಸಿತು.

1889ರಲ್ಲಿ ನಾರ್ವೆಗೆ ಹಿಂದಿರುಗಿದಾಗ ರಾಜಧಾನಿಯಲ್ಲಿ ಜನಸಾಗರವೇ ಸೇರಿತ್ತು. ಅದೇ ವರ್ಷ ಅವನು ಏವಾ ಸಾರ್ಸ್ ಎಂಬ ಗಾಯಕಿಯನ್ನು ಮದುವೆಯಾದನು. ಆಕೆಯ ತಂದೆಯೂ ಅಣ್ಣನೂ ಕಡಲಿನ ಪ್ರಾಣಿಗಳನ್ನು ಅಭ್ಯಾಸ ಮಾಡಿ ಹೆಸರಾದ ವಿಜ್ಞಾನಿಗಳು.

ಈಗ ಆ ಮರದ ದಿಮ್ಮಿಯ ವಿಚಾರಕ್ಕೆ ಬರೋಣ. 1881ರಲ್ಲಿ ಅಮೆರಿಕದ ಜಾನೆಟ್ ಎಂಬ ಹಡಗು ಸೈಬೀರಿಯದ ಉತ್ತರದ ಕಡಲಿನಲ್ಲಿ ಹಿಮದ ಒತ್ತಡಕ್ಕೆ ಸಿಕ್ಕಿ ನುಚ್ಚುನೂರಾಗಿತ್ತು. ಮೂರು ವರ್ಷಗಳ ಮೇಲೆ ಅದರ ಅವಶೇಷಗಳು ಭೂಗೋಳದ ಇನ್ನೊಂದು ಮಗ್ಗುಲಿನ ಗ್ರೀನ್‌ಲ್ಯಾಂಡಿನ ತೀರದಲ್ಲಿ ಸಿಕ್ಕಿದವು. ಸೈಬೀರಿಯದ ಕಾಡುಮರಗಳೂ ಅಲ್ಲಿಗೇ ಬಂದು ಬೀಳುತ್ತಿದ್ದವು. ಅಂದ ಮೇಲೆ ಧ್ರುವದ ಹಿಮವು ಕಲ್ಲಿನಂತೆ ನಿಂತಿಲ್ಲ. ನದಿಯಂತೆ ಮೆಲ್ಲಗೆ ಹರಿಯುತ್ತಿದೆ. ಹಾಗಾದರೆ ಹಿಮವನ್ನು ಎದುರಿಸುವುದೇಕೆ? ಹಡಗನ್ನು ಹಿಮದೊಳಗೆ ತಾನಾಗಿಯೇ ಸಿಕ್ಕಿಸಿ, ಅದು ಕೊಂಡೊಯ್ದ ಕಡೆಗೆ ಹೋಗಿ, ದಾರಿಯುದ್ದಕ್ಕೂ ಕಡಲನ್ನು ಅಳೆಯಬಾರದೇಕೆ? 1890ರಲ್ಲಿ ನಾನ್ಸೆನ್ನನು ಈ ಯೋಜನೆಯನ್ನು ವಿದ್ವಾಂಸರ ಮುಂದಿಟ್ಟಾಗ ಧ್ರುವಯಾತ್ರೆಯಲ್ಲಿ ಪಳಗಿದ ಹಿರಿಯರನೇಕರು ತಲೆಯಲ್ಲಾಡಿಸಿದರು. ನಾರ್ವೆಯ ಸಂಸತ್ತು ಮಾತ್ರ ಹಣ ಕೊಟ್ಟಿತು. ಕಾಲಿನ್ ಆರ್ಚರ್ ಎಂಬ ಹಡಗುಶಿಲ್ಪಿಯು, ಒಡಲು ಗುಂಡಗಿದ್ದು, ಹಿಮ ಒತ್ತಿದಾಗ ನೆಲ್ಲಿಕಾಯಿಯಂತೆ ಜಾರಿ ಮೇಲಕ್ಕೇಳುವ ಹಡಗೊಂದನ್ನು ಕಟ್ಟಿದನು. ಏವಾ ಅದಕ್ಕೆ ಫ್ರಾಮ್ ಎಂದು ಹೆಸರಿಟ್ಟಳು. ಅವರ ಭಾಷೆಯಲ್ಲಿ ಮುಂದಕ್ಕೆ ಎಂದು ಅದರ ಅರ್ಥ. 1893ರ ಜೂನ್ 24ರಂದು ಹಡಗು ಹೊರಟಾಗ ಅವರ ಮಗಳು ಲಿವ್ ಇನ್ನೂ ಆರು ತಿಂಗಳ ಕೂಸು.

ಹಡಗಿನಲ್ಲಿದ್ದವರು 13 ಮಂದಿ; ಐದು ವರ್ಷಕ್ಕಾಗುವಷ್ಟು ಆಹಾರ. ಸೆಪ್ಟೆಂಬರ್ ಕಡೆಯ ವೇಳೆಗೆ ಫ್ರಾಮ್ ಸೈಬೀರಿಯದ ಉತ್ತರದಲ್ಲಿ ಹಿಮದೊಳಗೆ ಹೂತುಕೊಂಡಿತು. ಅಲ್ಲಿಂದ ಮುಂದೆ ಅದು ಹಡಗಲ್ಲ, ಕಡಲಿನ ನಡುವಿನ ಒಂದು ಪ್ರಯೋಗಶಾಲೆ. ತಿಂಗಳುಗಟ್ಟಲೆ ಸೂರ್ಯನಿಲ್ಲದ ರಾತ್ರಿಯಲ್ಲಿ ಗಾಳಿಯಂತ್ರವೊಂದು ವಿದ್ಯುದ್ದೀಪಗಳನ್ನು ಉರಿಸುತ್ತಿತ್ತು. ಹೊರಗೆ ಹಿಮದ ಬಂಡೆಗಳು ಒಂದನ್ನೊಂದು ಅರೆಯುವ ಗುಡುಗಿನಂಥ ಸದ್ದು.

ಧ್ರುವದ ಕಡಲು ಆಳವಿಲ್ಲದ್ದೆಂದು ಆಗ ಬಹುಮಂದಿಯ ನಂಬಿಕೆ. ಹಿಮದಲ್ಲಿ ತೂತು ಕೊರೆದು ಗುಂಡು ಕಟ್ಟಿದ ಹುರಿಯನ್ನು ಇಳಿಬಿಟ್ಟರೆ ಅದು ತಳ ಮುಟ್ಟಲೇ ಇಲ್ಲ. ತಂದಿದ್ದ ಹುರಿ ಸಾಲದೆ, ಹಡಗಿನ ಉಕ್ಕಿನ ಹಗ್ಗವನ್ನು ಎಳೆ ಎಳೆಯಾಗಿ ಬಿಚ್ಚಿ, ಆ ಚಳಿಯಲ್ಲಿ ಹಿಮದ ಮೇಲೆ ನಿಂತು ಹೊಸ ಹುರಿ ಹೊಸೆದರು. ಆಗ ತಿಳಿಯಿತು, ಕಡಲಿನ ಆಳ 3,000 ಮೀಟರಿಗೂ ಮಿಕ್ಕದ್ದು! ಇನ್ನೊಂದು ಸಂಗತಿ ಅದಕ್ಕಿಂತಲೂ ಆಶ್ಚರ್ಯದ್ದು. ಹಿಮಕ್ಕೆ ತಗುಲಿದ ಮೇಲ್ನೀರು ಸೊನ್ನೆಗಿಂತ ಕೆಳಗಿನ ಉಷ್ಣತೆಯಲ್ಲಿದ್ದರೆ, ಸುಮಾರು 200 ಮೀಟರ್ ಕೆಳಗೆ ಹೋದಾಗ ನೀರು ಸೊನ್ನೆಗಿಂತ ಮೇಲೆ, ಅಂದರೆ ಬೆಚ್ಚಗೆ, ಇದ್ದಿತು. ಅಟ್ಲಾಂಟಿಕ್ ಸಾಗರದ ಉಪ್ಪುನೀರು ಅಷ್ಟು ದೂರ ಅಡಿಯಿಂದ ನುಗ್ಗಿ ಬಂದಿತ್ತು. ಸೈಬೀರಿಯದ ಮಹಾನದಿಗಳು ಸುರಿಯುವ ಸಿಹಿನೀರು ಹಗುರವಾದುದರಿಂದ ಮೇಲೆ ಹರಡಿಕೊಂಡು, ಒಂದು ಕಂಬಳಿಯಂತೆ ಆ ಬೆಚ್ಚನೆಯ ನೀರಿಗೂ ಹಿಮಕ್ಕೂ ನಡುವೆ ನಿಲ್ಲುತ್ತದೆ. ಆ ಕಂಬಳಿಯಿಲ್ಲದೆ ಹೋದರೆ ಅಡಿಯ ಶಾಖ ಮೇಲೆ ಬಂದು ಹಿಮವನ್ನು ಕರಗಿಸುತ್ತದೆ. ಹಿಮವು ಗಾಳಿ ಬೀಸಿದ ನೇರಕ್ಕೆ ಹೋಗದೆ ಅದರ ಬಲಕ್ಕೆ ವಾಲಿ ಸಾಗುವುದನ್ನೂ ನಾನ್ಸೆನ್ನನು ಗಮನಿಸಿದನು. ಅದು ಭೂಮಿ ತಿರುಗುವುದರ ಪರಿಣಾಮವೆಂಬ ಅವನ ಊಹೆಯನ್ನು ಮುಂದೆ ಎಕ್‌ಮನ್ ಎಂಬ ತರುಣನು ಗಣಿತದಿಂದ ಸಿದ್ಧಪಡಿಸಿದನು. ಇಂದಿಗೂ ಸಾಗರಶಾಸ್ತ್ರದ ವಿದ್ಯಾರ್ಥಿಗಳು ಅದನ್ನು ಓದುತ್ತಾರೆ.

1894ರ ಬೇಸಗೆಯಲ್ಲಿ ಹಿಮದ ಮೇಲ್ಮೈ ಕರಗಿ ಅಲ್ಲಲ್ಲಿ ಚಿಕ್ಕಚಿಕ್ಕ ಕುಂಟೆಗಳಾದವು. ಅವುಗಳಲ್ಲಿ ಕಂದುಬಣ್ಣದ ಲೋಳೆಯಂಥ ಮುದ್ದೆಗಳನ್ನು ಕಂಡ ನಾನ್ಸೆನ್ನನು ಅವನ್ನು ತಂದು ಸೂಕ್ಷ್ಮದರ್ಶಕದಡಿ ಇಟ್ಟನು. ನೋಡಿದರೆ ಅದೊಂದು ಲೋಕ! ಒಂದೇ ಜೀವಕೋಶದ ಪಾಚಿಗಳು, ಗಾಜಿನಂಥ ಚಿಪ್ಪುಳ್ಳ ಡಯಾಟಮ್‌ಗಳು, ಅವನ್ನು ತಿಂದು ಬದುಕುವ ಇನ್ನೂ ಸಣ್ಣ ಜೀವಿಗಳು. ಬರಿಗಣ್ಣಿಗೆ ಸತ್ತ ಮರುಭೂಮಿಯಾಗಿ ಕಾಣುತ್ತಿದ್ದ ಹಿಮದ ತುಂಡು ತುಂಡೂ ಜೀವದಿಂದ ತುಂಬಿತ್ತು. ಬಲೆಯನ್ನು ನೀರಿಗೆ ಇಳಿಬಿಟ್ಟಾಗ ಸಿಗಡಿಯ ಜಾತಿಗೆ ಸೇರಿದ ಎಳ್ಳಿನಷ್ಟು ಸಣ್ಣ ಜೀವಿಗಳು ಬಂದವು. ಅವನ ಭಾವಮೈದುನ ಗೇಯೋರ್ಗ್ ಸಾರ್ಸ್ ಎಂಬವನೇ ಮುಂದೆ ಅವನ್ನು ವಿಂಗಡಿಸಿ ವರ್ಣಿಸಿದನು. ಅದೇ ಆಗಸ್ಟಿನಲ್ಲಿ, ಅಪರೂಪವಾದ ಗುಲಾಬಿ ಎದೆಯ ರಾಸ್ ಕಡಲಕ್ಕಿಯ ಮರಿಗಳೂ ಅವನಿಗೆ ದೊರೆತವು.

ಇಷ್ಟು ಚಳಿಯಲ್ಲಿ ಈ ಬದುಕು ಹೇಗೆ ಸಾಧ್ಯವೆಂದು ವಾಚಕರು ಕೇಳಬಹುದು. ಕಡಲಿನ ನೀರು ಹೆಪ್ಪುಗಟ್ಟುವಾಗ ಉಪ್ಪನ್ನು ಹೊರಕ್ಕೆ ದೂಡುತ್ತದೆ. ಆ ಉಪ್ಪೆಲ್ಲ ಹಿಮದೊಳಗಿನ ಕೂದಲೆಳೆಯಂಥ ಸಂದುಗಳಲ್ಲಿ ಗಟ್ಟಿ ಉಪ್ಪುನೀರಾಗಿ ನಿಲ್ಲುತ್ತದೆ. ಬಹಳ ಉಪ್ಪಿರುವುದರಿಂದ ಅದು ಹೆಪ್ಪುಗಟ್ಟುವುದಿಲ್ಲ. ಆ ಸಂದುಗಳಲ್ಲಿಯೂ ಹಿಮದ ತಳದಲ್ಲಿಯೂ ಪಾಚಿಗಳು ಚಳಿಗಾಲವನ್ನು ಕಳೆದು, ವಸಂತದಲ್ಲಿ ಹಿಮದ ಮೂಲಕ ಇಳಿದು ಬರುವ ಮಂದ ಬೆಳಕಿನಲ್ಲಿಯೇ ಬೆಳೆಯುತ್ತವೆ. ಅವು ಕಿರುಸಿಗಡಿಗಳಿಗೆ ಆಹಾರ. ಕಿರುಸಿಗಡಿಗಳು ಧ್ರುವದ ಕಾಡ್ ಮೀನಿಗೆ, ಆ ಮೀನು ಸೀಲಿಗೆ, ಸೀಲು ಹಿಮಕರಡಿಗೆ. ಕರಡಿ ತಿಂದು ಬಿಟ್ಟುದನ್ನು ಹಿಂದೆಯೇ ಬರುವ ಬಿಳಿಯ ನರಿ ತಿನ್ನುತ್ತದೆ. ಈ ಇಡೀ ಸಂಸಾರಕ್ಕೆ ಹಿಮವೇ ಹೊಲ, ಹಿಮವೇ ಮನೆ. ಧ್ರುವದ ನಡುಗಡಲಿನಲ್ಲಿ ಬೆಳಕು ಕಡಿಮೆಯಾದುದರಿಂದ ಜೀವ ವಿರಳವೆಂದು ನಾನ್ಸೆನ್ನನು ತೀರ್ಮಾನಿಸಿದ್ದನು. ಅದು ಬಹುಮಟ್ಟಿಗೆ ನಿಜ. ಆದರೆ ಇರುವ ಸ್ವಲ್ಪ ಆಹಾರದಲ್ಲಿ ಬಹು ದೊಡ್ಡ ಪಾಲು ಅವನು ಕಂಡಂಥ ಹಿಮದ ಪಾಚಿಯದೇ ಎಂಬುದು ಅವನ ತರುವಾಯ ಬಂದವರ ಕೆಲಸದಿಂದ ಗೊತ್ತಾಗಿದೆ.

ಹಡಗು ಬಸವನ ಹುಳುವಿನಂತೆ ಸಾಗುತ್ತಿತ್ತು; ಒಮ್ಮೊಮ್ಮೆ ಹಿಂದಕ್ಕೂ ಹೋಗುತ್ತಿತ್ತು. ಅದು ಧ್ರುವಬಿಂದುವಿನ ಮೇಲೆ ಹಾದುಹೋಗುವುದಿಲ್ಲವೆಂದು ಖಚಿತವಾದಾಗ, ನಾನ್ಸೆನ್ನನು ಹಡಗನ್ನು ಕಪ್ತಾನ ಸ್ವೆರ್ಡ್ರುಪ್ಪನ ವಶಕ್ಕೆ ಕೊಟ್ಟು, 1895ರ ಮಾರ್ಚ್ 14ರಂದು ಯಾಲ್ಮಾರ್ ಯೋಹಾನ್ಸೆನ್ ಎಂಬ ಒಬ್ಬನೇ ಸಂಗಾತಿಯೊಡನೆ ನಡೆದು ಹೊರಟನು. ಯೋಹಾನ್ಸೆನ್ನನು ಹೆಸರಾಂತ ಅಂಗಸಾಧಕ. ಬೇರೆ ಜಾಗವಿಲ್ಲವೆಂದು ತಿಳಿದು, ಒಲೆಗೆ ಇದ್ದಿಲು ಹಾಕುವ ಕೆಲಸಕ್ಕಾದರೂ ಸರಿಯೆಂದು ಹಡಗು ಹತ್ತಿದವನು. ಮೂರು ಜಾರುಬಂಡಿ, 28 ನಾಯಿ, ಬಿದಿರಿನ ಚೌಕಟ್ಟಿಗೆ ಹಾಯಿಬಟ್ಟೆ ಹೊದಿಸಿ ಮಾಡಿದ ಎರಡು ಕಯಾಕ್, ಇಷ್ಟೇ ಅವರ ಸಂಪತ್ತು. ಹಡಗು ಹಿಮದೊಡನೆ ಎಲ್ಲಿಗೋ ಸಾಗುತ್ತಲೇ ಇರುವುದರಿಂದ ಅದಕ್ಕೆ ಹಿಂದಿರುಗುವ ಮಾತೇ ಇರಲಿಲ್ಲ.

ಏಪ್ರಿಲ್ 8ರ ವೇಳೆಗೆ ಅವರು 86 ಡಿಗ್ರಿ 14 ಮಿನಿಟಿನ ಸಮೀಪ ಮುಟ್ಟಿದ್ದರು. ಅಷ್ಟು ಉತ್ತರಕ್ಕೆ ಅಲ್ಲಿಯವರೆಗೆ ಮನುಷ್ಯನ ಕಾಲು ಹೋಗಿರಲಿಲ್ಲ. ಮುಂದೆ ಒಡೆದ ಹಿಮದ ದಿಣ್ಣೆಗಳೇ ಕಣ್ಣು ಹಾಯುವವರೆಗೆ. ತಾವು ಉತ್ತರಕ್ಕೆ ನಡೆದಷ್ಟೂ ಕಾಲ ಕೆಳಗಿನ ಹಿಮ ದಕ್ಷಿಣಕ್ಕೆ ಜರುಗುತ್ತಿತ್ತು. ನಾನ್ಸೆನ್ನನು ಹಿಂದಿರುಗಲು ನಿಶ್ಚಯಿಸಿದನು. ಈ ನಿಶ್ಚಯವನ್ನು ನಾವು ಅವನ ದೊಡ್ಡ ಗೆಲುವುಗಳಲ್ಲಿ ಒಂದೆಂದು ಎಣಿಸುತ್ತೇವೆ. ಇನ್ನು ನಾಲ್ಕೇ ಡಿಗ್ರಿಯೆಂಬ ಆಸೆಗೆ ಬಿದ್ದಿದ್ದರೆ ಇಬ್ಬರೂ ಉಳಿಯುತ್ತಿರಲಿಲ್ಲ.

ಹಿಂದಿರುಗುವ ದಾರಿ ಇನ್ನೂ ಕಠಿಣವಾಯಿತು. ಕೈಗಡಿಯಾರಗಳು ನಿಂತುಹೋದುದರಿಂದ ತಾವಿರುವ ರೇಖಾಂಶವೇ ಸರಿಯಾಗಿ ತಿಳಿಯದಾಯಿತು. ಉಳಿದ ನಾಯಿಗಳಿಗೆ ಆಹಾರವಾಗಲೆಂದು ನಾಯಿಗಳನ್ನು ಒಂದೊಂದಾಗಿ ಕೊಲ್ಲಬೇಕಾಯಿತು. ಕೊನೆಗೆ ಎರಡು ಉಳಿದವು. ಅವನ್ನು ಕಯಾಕಿನಲ್ಲಿ ಕರೆದೊಯ್ಯುವಂತಿರಲಿಲ್ಲ. ತನ್ನ ನಾಯಿಯನ್ನು ತಾನು ಕೊಲ್ಲಲಾರದೆ, ಇವನ ನಾಯಿಯನ್ನು ಅವನು, ಅವನ ನಾಯಿಯನ್ನು ಇವನು ಗುಂಡಿಟ್ಟರು. ಪ್ರಾಣ ಕೊಟ್ಟು ದುಡಿದ ಮೂಕಪ್ರಾಣಿಗಳಿಗೆ ಸಂದ ಈ ಕೂಲಿಯನ್ನು ಓದುವಾಗ ನಮ್ಮ ಮನಸ್ಸು ನೋಯುತ್ತದೆ. ಸಾಹಸದ ಕಥೆಗಳಲ್ಲಿ ಇಂಥ ಲೆಕ್ಕವನ್ನು ಮರೆಮಾಡಬಾರದು. ಒಂದು ದಿನ ಹಿಮಕರಡಿಯೊಂದು ಯೋಹಾನ್ಸೆನ್ನನನ್ನು ಕೆಡವಿತು. ಅವನು ಅದರ ಗಂಟಲನ್ನು ಅದುಮಿ ಹಿಡಿದಿದ್ದು, ನಾನ್ಸೆನ್ನನು ಕಯಾಕಿನಿಂದ ಕೋವಿಯನ್ನು ಎಳೆದು ತರುವವರೆಗೆ ತಡೆದನು.

ಆಗಸ್ಟ್ ತಿಂಗಳ ಕೊನೆಗೆ ಅವರು ಫ್ರಾನ್ಸ್ ಯೋಸೆಫ್ ಲ್ಯಾಂಡ್ ಎಂಬ ನಿರ್ಜನ ದ್ವೀಪಸಮೂಹದಲ್ಲಿ ಚಳಿಗಾಲ ಕಳೆಯಲು ನಿಂತರು. ಕಲ್ಲು, ಪಾಚಿಮಣ್ಣು, ವಾಲ್ರಸ್ಸಿನ ತೊಗಲು ಇವುಗಳಿಂದ ಸುಮಾರು 10 ಅಡಿ ಉದ್ದ, 6 ಅಡಿ ಅಗಲದ ಗುಡಿಸಲನ್ನು ಕಟ್ಟಿದರು. ದೀಪಕ್ಕೆ ವಾಲ್ರಸ್ಸಿನ ಕೊಬ್ಬು. ಹಾಸಲು ಹೊದೆಯಲು ಕರಡಿಯ ಚರ್ಮ. ಹೊತ್ತುಹೊತ್ತಿಗೂ ಕರಡಿಯ ಮಾಂಸ. ಬಿಳಿಯ ನರಿಗಳು ಬಂದು ಉಷ್ಣಮಾಪಕವನ್ನೂ ಕದ್ದೊಯ್ದವು. ಮನುಷ್ಯನು ಪ್ರಕೃತಿಯ ಹೊರಗೆ ನಿಂತು ನೋಡುವವನಲ್ಲ. ಆ ಒಂಬತ್ತು ತಿಂಗಳು ಅವರಿಬ್ಬರೂ ಆ ಹಿಮದ ಸಂಸಾರದ ಇಬ್ಬರು ಸದಸ್ಯರಾಗಿದ್ದರು. ತಾಜಾ ಮಾಂಸ ತಿಂದುದರಿಂದ, ಧ್ರುವಯಾತ್ರಿಕರನ್ನು ಕೊಲ್ಲುತ್ತಿದ್ದ ಸ್ಕರ್ವಿ ರೋಗ ಅವರನ್ನು ಮುಟ್ಟಲಿಲ್ಲ. ನಾನ್ಸೆನ್ನನ ಮೈತೂಕ ಸುಮಾರು 10 ಕಿಲೋ ಹೆಚ್ಚಿತ್ತಂತೆ! ಇನ್ನೊಂದು ಮಾತು ನಮ್ಮ ಕನ್ನಡಿಗರಿಗೆ ಚೆನ್ನಾಗಿ ಅರ್ಥವಾಗುತ್ತದೆ. ಒಂದೇ ಚೀಲದಲ್ಲಿ ಮೈಗೆ ಮೈ ತಗುಲಿಸಿ ಮಲಗುತ್ತಿದ್ದರೂ ಅವರಿಬ್ಬರು ಅಲ್ಲಿಯವರೆಗೆ ಪರಸ್ಪರ ನೀವು ಎಂದೇ ಮಾತಾಡುತ್ತಿದ್ದರಂತೆ. 1895ರ ವರ್ಷದ ಕೊನೆಯ ರಾತ್ರಿ, ಇನ್ನು ಮೇಲೆ ನೀನು ಎನ್ನೋಣವೆಂದು ನಾನ್ಸೆನ್ನನು ಸೂಚಿಸಿದನೆಂದು ಹೇಳುತ್ತಾರೆ.

1896ರ ಮೇ ತಿಂಗಳಲ್ಲಿ ಮತ್ತೆ ಹೊರಟರು. ಜೂನ್ ತಿಂಗಳ ಒಂದು ದಿನ, ಕಟ್ಟಿಹಾಕಿದ್ದ ಕಯಾಕುಗಳೆರಡೂ ಬಿಚ್ಚಿಕೊಂಡು ಗಾಳಿಗೆ ತೇಲಿಹೋದವು. ಆಹಾರ, ಕೋವಿ, ಮದ್ದು ಎಲ್ಲ ಅದರಲ್ಲಿಯೇ. ನಾನ್ಸೆನ್ನನು ಹಿಮದ ನೀರಿಗೆ ಧುಮುಕಿ, ಮೈ ಮರಗಟ್ಟುತ್ತಿರಲು ಈಜಿ ಅವನ್ನು ಹಿಡಿದು ತಂದನು. ಜೂನ್ 17ರಂದು ದೂರದಲ್ಲಿ ನಾಯಿ ಬೊಗಳಿದ ಸದ್ದು! ಅದೇ ದ್ವೀಪಗಳಲ್ಲಿ ಬೀಡುಬಿಟ್ಟಿದ್ದ ಜ್ಯಾಕ್ಸನ್ ಎಂಬ ಇಂಗ್ಲಿಷ್ ಯಾತ್ರಿಕನು ಎದುರು ಬಂದನು. ಮಸಿ ಹಿಡಿದು ಕೂದಲು ಬೆಳೆದಿದ್ದ ಆ ವ್ಯಕ್ತಿ ಯಾರೆಂದು ಅವನಿಗೆ ಒಡನೆಯೇ ಗುರುತು ಹತ್ತಲಿಲ್ಲ. ಆಗಸ್ಟ್ 13ರಂದು ನಾನ್ಸೆನ್ನನು ನಾರ್ವೆಯ ನೆಲ ಮುಟ್ಟಿದನು. ಅದೇ ದಿನ ಫ್ರಾಮ್ ಕೂಡ ಸ್ಪಿಟ್ಸ್‌ಬರ್ಗೆನ್ನಿನ ಬಳಿ ಹಿಮದಿಂದ ಬಿಡಿಸಿಕೊಂಡಿತ್ತು. ಹದಿಮೂರು ಮಂದಿಯಲ್ಲಿ ಒಬ್ಬರೂ ಸಾಯಲಿಲ್ಲ. ಹಿಮ ಹರಿಯುತ್ತದೆಂಬ ಮಾತು ಸಾಬೀತಾಯಿತು.

ಕೀರ್ತಿ ಎಲ್ಲರಿಗೂ ಒಂದೇ ಸಮನಾಗಿ ಒದಗುವುದಿಲ್ಲ. ಯೋಹಾನ್ಸೆನ್ನನು ಊರಿಗೆ ಬಂದ ಮೇಲೆ ಬದುಕಿನಲ್ಲಿ ನೆಲೆ ಕಾಣಲಿಲ್ಲ. ಕುಡಿತಕ್ಕೂ ಸಾಲಕ್ಕೂ ಸಿಕ್ಕಿದನು. ಅಮುಂಡ್ಸೆನ್ನನ ದಕ್ಷಿಣ ಧ್ರುವಯಾತ್ರೆಗೆ ಹೋದವನು ಅಲ್ಲಿ ನಾಯಕನೊಡನೆ ವಿರಸವಾಗಿ ಹಿಂದಿರುಗಿ, 1913ರ ಜನವರಿಯಲ್ಲಿ ತನ್ನ ಪ್ರಾಣವನ್ನು ತಾನೇ ತೆಗೆದುಕೊಂಡನು. ನಾನ್ಸೆನ್ನನ ಚರಿತ್ರೆ ಬರೆಯುವವರು ಈ ಹೆಸರನ್ನು ಬಿಡಬಾರದು.

ನಾನ್ಸೆನ್ನನು 1897ರಲ್ಲಿ ಪ್ರೊಫೆಸರನಾದನು. ಫ್ರಾಮ್ ಯಾತ್ರೆಯ ವೈಜ್ಞಾನಿಕ ವರದಿ ಆರು ಸಂಪುಟಗಳಲ್ಲಿ ಹೊರಬಿದ್ದಿತು. ಬೇಕಾದ ಆಳದಿಂದಲೇ ನೀರನ್ನು ತುಂಬಿ ತರುವ ಅವನ ಸೀಸೆ ಮುಂದೆ ದಶಕಗಳ ಕಾಲ ಸಾಗರಶಾಸ್ತ್ರಜ್ಞರ ಕೈಯಲ್ಲಿದ್ದಿತು. 1905ರಲ್ಲಿ ನಾರ್ವೆ ಸ್ವೀಡನ್ನಿನಿಂದ ಬೇರೆಯಾದಾಗ ದೇಶಕ್ಕಾಗಿ ಓಡಾಡಿ, ಬಳಿಕ ಲಂಡನ್ನಿನಲ್ಲಿ ರಾಯಭಾರಿಯಾದನು. ಅವನು ಅಲ್ಲಿರುವಾಗಲೇ, 1907ರ ಡಿಸೆಂಬರಿನಲ್ಲಿ, ಏವಾ ಕಾಯಿಲೆ ಬಿದ್ದಳು. ಅವನು ಮನೆ ಸೇರುವ ಮೊದಲೇ ಆಕೆ ತೀರಿಕೊಂಡಿದ್ದಳು. ದಕ್ಷಿಣ ಧ್ರುವಕ್ಕೆ ತಾನೇ ಹೋಗಬೇಕೆಂಬ ಆಸೆಯನ್ನು ಬದಿಗಿಟ್ಟು ಫ್ರಾಮ್ ಹಡಗನ್ನು ಅಮುಂಡ್ಸೆನ್ನನಿಗೆ ಬಿಟ್ಟುಕೊಟ್ಟನು.

ಮೊದಲನೆಯ ಮಹಾಯುದ್ಧ ಮುಗಿದಾಗ ನಾನ್ಸೆನ್ನನಿಗೆ ಅರುವತ್ತು ಸಮೀಪಿಸಿತ್ತು. 1920ರಲ್ಲಿ ರಾಷ್ಟ್ರಸಂಘವು, ಸೈಬೀರಿಯ ಮೊದಲಾದ ಕಡೆಗಳಲ್ಲಿ ಕೊಳೆಯುತ್ತಿದ್ದ ಯುದ್ಧಕೈದಿಗಳನ್ನು ಮನೆಗೆ ಮುಟ್ಟಿಸುವ ಕೆಲಸವನ್ನು ಅವನಿಗೆ ಒಪ್ಪಿಸಿತು. 1922ರೊಳಗೆ 4 ಲಕ್ಷಕ್ಕೂ ಮಿಕ್ಕಿದ ಜನ ತಂತಮ್ಮ ದೇಶ ಸೇರಿದರು. 1921ರಲ್ಲಿ ರಷ್ಯದ ವೋಲ್ಗಾ ಸೀಮೆಯಲ್ಲಿ ಭೀಕರ ಕ್ಷಾಮ ಬಂದಾಗ ಅವನು ಸರ್ಕಾರಗಳ ಮುಂದೆ ನಿಂತು ಸಾಲ ಕೇಳಿದನು. ಕಮ್ಯೂನಿಸ್ಟರ ನಾಡಿಗೆ ಹಣ ಕೊಡಲು ಅವು ಒಪ್ಪಲಿಲ್ಲ. ಅಮೆರಿಕದ ಪರಿಹಾರ ಸಂಸ್ಥೆಯೂ ಇತರ ಧರ್ಮಕಾರ್ಯದ ಸಂಘಗಳೂ ಬಹಳಷ್ಟು ಮಂದಿಯನ್ನು ಉಳಿಸಿದವು. ಆದರೂ ಲಕ್ಷಾಂತರ ಜನ ಸತ್ತರು.

ಕ್ರಾಂತಿಯ ಕಾಲದಲ್ಲಿ ರಷ್ಯ ಬಿಟ್ಟು ಓಡಿಬಂದ ಹತ್ತು ಲಕ್ಷಕ್ಕೂ ಹೆಚ್ಚು ಜನರ ಪೌರತ್ವವನ್ನು ಹೊಸ ಸರ್ಕಾರ ರದ್ದುಮಾಡಿತು. ಅವರು ಯಾವ ದೇಶದವರೂ ಅಲ್ಲ. ಗಡಿ ದಾಟುವಂತಿಲ್ಲ, ಬೇರೆ ನಾಡಿಗೆ ಹೋಗಿ ಕೆಲಸ ಹುಡುಕುವಂತಿಲ್ಲ. 1922ರಲ್ಲಿ ನಾನ್ಸೆನ್ನನು ಅವರಿಗೊಂದು ಗುರುತಿನ ಪತ್ರವನ್ನು ಏರ್ಪಡಿಸಿ, 50ಕ್ಕೂ ಹೆಚ್ಚು ಸರ್ಕಾರಗಳು ಕಾಲಕ್ರಮದಲ್ಲಿ ಅದನ್ನು ಒಪ್ಪುವಂತೆ ಮಾಡಿದನು. ನಾನ್ಸೆನ್ ಪಾಸ್‌ಪೋರ್ಟ್ ಎಂದು ಹೆಸರಾದುದು ಇದೇ. ಸಂಗೀತಗಾರ ಸ್ಟ್ರಾವಿನ್ಸ್ಕಿ, ಚಿತ್ರಕಾರ ಶಗಾಲ್ ಇಂಥವರೂ ಅದನ್ನು ಹಿಡಿದೇ ಬದುಕಿದವರು. ಮನೆಮಠ ಕಳೆದುಕೊಂಡ ಆರ್ಮೀನಿಯನ್ನರಿಗೂ ಅದು ದೊರೆಯಿತು. 1922ರ ನೊಬೆಲ್ ಶಾಂತಿ ಪಾರಿತೋಷಕ ಅವನಿಗೆ ಬಂದಿತು. ಆ ಹಣವನ್ನು ಅವನು ಪರಿಹಾರ ಕಾರ್ಯಕ್ಕೆ ಕೊಟ್ಟನು. ಗ್ರೀಸ್ ಮತ್ತು ಟರ್ಕಿಗಳ ನಡುವೆ ಹದಿನೈದು ಲಕ್ಷದಷ್ಟು ಜನರನ್ನು ಕಡ್ಡಾಯವಾಗಿ ಅದಲುಬದಲು ಮಾಡಿದ ಏರ್ಪಾಟಿನಲ್ಲಿಯೂ ಅವನ ಕೈಯಿತ್ತು. ಕೊಲೆಯಿಂದ ಅವರನ್ನು ಉಳಿಸಿತೆಂದು ಕೆಲವರು, ಹುಟ್ಟಿದ ನೆಲದಿಂದ ಕಿತ್ತುಹಾಕಿತೆಂದು ಕೆಲವರು ಅದನ್ನು ಇಂದಿಗೂ ಚರ್ಚಿಸುತ್ತಾರೆ.

1930ರ ಮೇ 13ರಂದು ನಾನ್ಸೆನ್ನನು ತನ್ನ ಮನೆಯಲ್ಲಿಯೇ ತೀರಿಕೊಂಡನು. ನಾರ್ವೆಯ ರಾಷ್ಟ್ರೀಯ ದಿನವಾದ ಮೇ 17ರಂದು ಅಂತ್ಯಕ್ರಿಯೆ ನಡೆಯಿತು.

ನಾವು ಊರು ಬಿಟ್ಟು ಬಂದವರೆಂದು ಒಮ್ಮೊಮ್ಮೆ ಮರುಗುತ್ತೇವೆ. ಆದರೆ ನಮ್ಮ ಕೈಯಲ್ಲಿ ರೇಷನ್ ಕಾರ್ಡಿದೆ, ಮತವಿದೆ. ಹಬ್ಬಕ್ಕೆ ರೈಲು ಹತ್ತಿದರೆ ಊರು ಸಿಕ್ಕುತ್ತದೆ. ನಾನ್ಸೆನ್ನನು ಯಾರಿಗಾಗಿ ಅಲೆದನೋ ಅವರಿಗೆ ಇದೊಂದೂ ಇರಲಿಲ್ಲ. ನಮ್ಮ ದುಃಖವನ್ನು ಅವರ ದುಃಖದ ಪಕ್ಕದಲ್ಲಿಟ್ಟು ತೂಗಿದರೆ, ನಮ್ಮ ಬೀದಿಯಲ್ಲಿಯೇ ಕಾಗದವಿಲ್ಲದೆ ಬಂದು ನಿಂತವನ ಕಷ್ಟ ನಮಗೆ ಬೇಗ ಅರ್ಥವಾದೀತು.

ಅವನು ಓದಿದ ಆ ಹಿಮದ ಕಡಲು ಇಂದು ಹೇಗಿದೆ? 1980ರ ಸುಮಾರಿಗೆ, ಬೇಸಗೆಯ ಕೊನೆಯಲ್ಲಿ ಉಳಿಯುತ್ತಿದ್ದ ಹಿಮದ ಹರವು 75 ಲಕ್ಷ ಚದರ ಕಿಲೋಮೀಟರಿನಷ್ಟು. 2012ರ ಸೆಪ್ಟೆಂಬರಿನಲ್ಲಿ ಅದು 34 ಲಕ್ಷಕ್ಕೆ ಇಳಿದಿತ್ತು. ಆ ವರ್ಷವೇ ಅಲ್ಲಿಗೆ ಹೋದ ವಿಜ್ಞಾನಿಗಳು, ತೆಳುವಾದ ಹಿಮದಿಂದ ಕಳಚಿ ಬಿದ್ದ ಪಾಚಿಯ ಮುದ್ದೆಗಳನ್ನು ಸುಮಾರು 4,000 ಮೀಟರ್ ಆಳದ ಕಡಲತಳದಲ್ಲಿ ಕಂಡರು. ಫ್ರಾಮ್ ಹೊರಟಂತೆಯೇ ಹಿಮದಲ್ಲಿ ಸಿಕ್ಕಿಸಿಕೊಂಡು ಹೊರಟ ತಾರಾ ಎಂಬ ಹಡಗು 2006ರಿಂದ 2008ರವರೆಗೆ ಸಾಗಿತು. ಫ್ರಾಮಿಗೆ ಮೂರು ವರ್ಷ ಹಿಡಿದ ಆ ದಾರಿಗೆ ತಾರಾ ತೆಗೆದುಕೊಂಡುದು ಸುಮಾರು 500 ದಿನ. ಹಿಮ ತೆಳುವಾದಷ್ಟೂ ಗಾಳಿಗೆ ಬೇಗ ಓಡುತ್ತದೆ. 2019ರಲ್ಲಿ ಜರ್ಮನಿಯ ಪೋಲಾರ್‌ಸ್ಟರ್ನ್ ಹಡಗೂ ನಾನ್ಸೆನ್ನನ ಕ್ರಮವನ್ನೇ ಹಿಡಿದು ಒಂದು ವರ್ಷ ಅಲ್ಲಿದ್ದು ಬಂದಿತು. ನಮ್ಮ ಭಾರತವೂ 2008ರಲ್ಲಿ ಸ್ಪಿಟ್ಸ್‌ಬರ್ಗೆನ್ನಿನ ತೀರದಲ್ಲಿ ಹಿಮಾದ್ರಿ ಎಂಬ ಸಂಶೋಧನಾ ಕೇಂದ್ರವನ್ನು ತೆರೆದಿದೆ. ಹಿಮವೇ ಹೊಲವಾಗಿರುವ ಜೀವಿಗಳಿಗೆ ಹಿಮ ಹೋದರೆ ಹೋಗಲು ಇನ್ನೊಂದು ನಾಡಿಲ್ಲ; ಅವಕ್ಕೆ ಪಾಸ್‌ಪೋರ್ಟ್ ಕೊಡಿಸುವ ನಾನ್ಸೆನ್ನನೂ ಇಲ್ಲ.

ಫ್ರಾಮ್ ಹಡಗು ಇಂದಿಗೂ ಓಸ್ಲೋ ನಗರದ ವಸ್ತುಸಂಗ್ರಹಾಲಯದಲ್ಲಿ ಜೋಪಾನವಾಗಿದೆ. ನಮ್ಮ ಮನೆಗಳ ತರುಣರಲ್ಲಿ ಯಾರಾದರೂ ಓದಿಗೋ ಉದ್ಯೋಗಕ್ಕೋ ಆ ಕಡೆ ಹೋದರೆ, ಅದರೊಳಗೆ ಹೋಗಿ ಆ ದಪ್ಪ ಮರದ ಒಡಲನ್ನು ಒಮ್ಮೆ ಮುಟ್ಟಿ ನೋಡಿ ಬರಲಿ. ಬಂದು ಅದರ ವರ್ಣನೆಯನ್ನು ಕನ್ನಡದಲ್ಲಿ ಬರೆಯಲಿ. ಮುಂದಿನ ಒಂದು ಸಂಚಿಕೆಯಲ್ಲಿ ಅದನ್ನು ಓದುವ ಭಾಗ್ಯ ನಮಗೆ ದೊರೆಯಲೆಂದು ಹಾರೈಸುತ್ತೇವೆ.